ತ್ರಿಯೇಕ: ಕ್ರೈಸ್ತರ ತ್ರಿತ್ವ ತತ್ತ್ವವನ್ನು ತಿಳಿಯುವ ಬಗೆ



ಹೋದ ವರ್ಷ ನಮ್ಮ ಕನ್ನಡ ಕೂಟದ ಶನಿವಾರದ ಸಭೆಯಲ್ಲಿ ಭಾರತದ ಧರ್ಮಗಳ ಬಗ್ಗೆ ಮಾತಾಡುವ ಸರದಿ ನನ್ನದಾಗಿತ್ತು. ವೇದ, ಜೈನ, ಬೌದ್ಧ, ವೀರಶೈವ, ಇಸ್ಲಾಂ ಎಲ್ಲ ಮುಗಿಸಿ ಕ್ರೈಸ್ತ ಮತಕ್ಕೆ ಬರುವಾಗ ಹೊತ್ತು ಮೀರಿತ್ತು. "ನಮಗೆ ಬ್ರಹ್ಮ ವಿಷ್ಣು ಮಹೇಶ್ವರರು ಇದ್ದ ಹಾಗೆ ಅವರಿಗೂ ಮೂವರು ದೇವರು, ಅದಕ್ಕೇ ಟ್ರಿನಿಟಿ ಅಂತ ಹೆಸರು" ಎಂದು ಒಂದೇ ಉಸಿರಿಗೆ ಹೇಳಿ ಕೂತುಬಿಟ್ಟೆ. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಬೆಂಚಿನಿಂದ ಉಡುಪಿ ಕಡೆಯ ಒಬ್ಬ ಹುಡುಗಿ, ಮೊದಲ ವರ್ಷದವಳು, ಎದ್ದು ನಿಂತು "ಅಣ್ಣಾ, ನಮ್ಮ ಮನೇಲಿ ಮೂವರು ದೇವರನ್ನ ಪೂಜಿಸೋದಿಲ್ಲ" ಎಂದಳು. ನಾನು ಸುಮ್ಮನಿರಬಹುದಿತ್ತು. "ಹಾಗಾದ್ರೆ ಎಷ್ಟು ಜನರನ್ನ?" ಅಂತ ಕೇಳಿದೆ. ಸಭೆ ನಕ್ಕಿತು. ಅವಳು ಕೂತಳು. ಮುಂದಿನ ಎರಡು ಸಭೆಗಳಿಗೆ ಅವಳು ಬರಲಿಲ್ಲ.

ಶ್ರೀಕಾರ್ಯದಲ್ಲಿ ಇದ್ದುಕೊಂಡು ಕನ್ನಡ ಮಾತಾಡುವವರು ನಾವೆಲ್ಲ ಸೇರಿ ಇಪ್ಪತ್ತು ಜನ ಆಗುವುದು ಕಷ್ಟ. ಕುಂಬಳೆ, ಮಂಜೇಶ್ವರ, ಉಡುಪಿ, ಧಾರವಾಡ ಅಂತ ಎಲ್ಲೆಲ್ಲಿಂದಲೋ ಬಂದವರು, ಊಟದಿಂದ ಉಪನ್ಯಾಸದವರೆಗೆ ಇಡೀ ವಾರ ಮಲಯಾಳದಲ್ಲೇ ಮುಳುಗಿರುವವರು, ವಾರಕ್ಕೊಂದು ಸಂಜೆ ಮಾತೃಭಾಷೆಗಾಗಿ ಕೂಡುತ್ತೇವೆ. ಆ ಒಂದು ಸಂಜೆಯಲ್ಲೂ ಒಬ್ಬಳಿಗೆ ತಾನು ಹೊರಗಿನವಳು ಎನಿಸಿದರೆ ಕೂಟ ಯಾಕೆ ಬೇಕು? ಈ ಲೇಖನವನ್ನು ತಪ್ಪುಕಾಣಿಕೆ ಎಂದೇ ತಿಳಿಯಬೇಕಾಗಿ ವಿನಂತಿ. ಯಾರನ್ನೂ ನಂಬಿಸುವುದು ಇದರ ಉದ್ದೇಶವಲ್ಲ. ನಾನು ಆ ಮತದವನೂ ಅಲ್ಲ. ಅವರು ಏನು ಹೇಳುತ್ತಾರೋ ಅದನ್ನು ಅವರೇ ಓದಿ "ಹೌದು, ಇದು ನಮ್ಮ ಮಾತು" ಎನ್ನುವಷ್ಟು ಸರಿಯಾಗಿ ತಿಳಿದುಕೊಳ್ಳುವುದು, ಅಷ್ಟೇ.

೧. ಪದ

ಬೆಂಗಳೂರಿಗೆ ಹೋದವರೆಲ್ಲ 'ಟ್ರಿನಿಟಿ ಸರ್ಕಲ್' ಎಂಬ ಹೆಸರು ಕೇಳಿರುತ್ತಾರೆ. ೨೦೧೧ರಿಂದ ಅಲ್ಲೊಂದು ಮೆಟ್ರೋ ನಿಲ್ದಾಣವೂ ಅದೇ ಹೆಸರಿನಲ್ಲಿದೆ. ಮಹಾತ್ಮ ಗಾಂಧಿ ರಸ್ತೆಯ ಪೂರ್ವ ತುದಿಯಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ ಕಟ್ಟಿದ ಹೋಲಿ ಟ್ರಿನಿಟಿ ಚರ್ಚಿನಿಂದ ಬಂದ ಹೆಸರು ಅದು. ದಿನವೂ ಸಾವಿರಾರು ಜನ ಆ ಹೆಸರು ಹೇಳಿ ಟಿಕೆಟು ಕೊಳ್ಳುತ್ತಾರೆ. ಅರ್ಥ ಕೇಳುವವರು ಕಡಿಮೆ.

ಕನ್ನಡದಲ್ಲಿ ಇದಕ್ಕೆ ಮೂರು ಪದಗಳು ಬಳಕೆಯಲ್ಲಿವೆ: ತ್ರಿತ್ವ, ತ್ರಯೈಕ್ಯ, ತ್ರಿಯೇಕ. ಮಲಯಾಳಿಗಳೂ 'ತ್ರಿತ್ವಂ' ಎನ್ನುತ್ತಾರೆ. 'ತ್ರಿತ್ವ' ಎಂದರೆ ಮೂರಾಗಿರುವಿಕೆ. ಲ್ಯಾಟಿನ್ನಿನ 'ಟ್ರಿನಿತಾಸ್' ಪದದ ಅರ್ಥವೂ ಅಷ್ಟೇ. ಇದನ್ನು ದೇವರ ವಿಷಯದಲ್ಲಿ ಬಳಕೆಗೆ ತಂದವನು ಉತ್ತರ ಆಫ್ರಿಕದ ಕಾರ್ತೇಜಿನ ತೆರ್ತುಲಿಯನ್, ಕ್ರಿ.ಶ. ೨೦೦ರ ಆಚೀಚೆ. ಅವನಿಗೂ ಸ್ವಲ್ಪ ಮೊದಲು ಅಂತಿಯೋಕ್ಯದ ಥಿಯೋಫಿಲಸ್ ಗ್ರೀಕಿನಲ್ಲಿ 'ತ್ರಿಯಾಸ್' ಎಂಬ ಪದ ಬಳಸಿದ್ದ. ಬೈಬಲಿನಲ್ಲಿ ಈ ಪದ ಎಲ್ಲೂ ಇಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರುಗಳು ಇವೆ, ದೇವರು ಒಬ್ಬನೇ ಎಂಬ ಮಾತೂ ಇದೆ. ಇವೆರಡನ್ನೂ ಬಿಡದೆ ಹೇಳಲು ಹೊರಟಾಗ ಹುಟ್ಟಿದ ಪದ ಇದು.

'ತ್ರಿಯೇಕ' ಎಂಬುದು ವ್ಯಾಕರಣದ ದೃಷ್ಟಿಯಿಂದ ಕುತೂಹಲದ ಪದ. ಸಂಸ್ಕೃತದ ಕ್ರಮದಲ್ಲಿ ತ್ರಿ ಮತ್ತು ಏಕ ಸೇರಿದರೆ ಯಣ್ ಸಂಧಿಯಾಗಿ 'ತ್ರ್ಯೇಕ' ಆಗಬೇಕು. ಕನ್ನಡ ಕ್ರೈಸ್ತರ ನಾಲಗೆಯಲ್ಲಿ ಅದು ಕನ್ನಡದ ಆಗಮ ಸಂಧಿಯಂತೆ 'ತ್ರಿಯೇಕ' ಆಗಿದೆ, ಮನೆ ಮತ್ತು ಅಲ್ಲಿ ಸೇರಿ ಮನೆಯಲ್ಲಿ ಆದ ಹಾಗೆ. ಲೋಪ ಸಂಧಿಯಲ್ಲಿ ಒಂದು ಸ್ವರ ಬಿದ್ದುಹೋಗುತ್ತದೆ. ಆಗಮದಲ್ಲಿ ಎರಡೂ ಉಳಿಯುತ್ತವೆ, ನಡುವೆ ಒಂದು ಯಕಾರ ಬಂದು ಕೂಡಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಈ ತತ್ತ್ವದ ಇತಿಹಾಸವೆಲ್ಲ 'ಮೂರು' ಲೋಪವಾಗದಂತೆ, 'ಏಕ'ವೂ ಲೋಪವಾಗದಂತೆ ನೋಡಿಕೊಂಡ ಇತಿಹಾಸ.

೨. 'ಏನು' ಮತ್ತು 'ಯಾರು'

ತತ್ತ್ವವನ್ನು ಬಿಡಿಸಿ ಇಟ್ಟರೆ ಇಷ್ಟು ಮಾತುಗಳು ಸಿಗುತ್ತವೆ. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು. ತಂದೆಯೇ ಮಗನಲ್ಲ, ಮಗನೇ ಪವಿತ್ರಾತ್ಮನಲ್ಲ, ಪವಿತ್ರಾತ್ಮನೇ ತಂದೆಯಲ್ಲ. ಹಾಗಿದ್ದೂ ದೇವರು ಮೂವರಿಲ್ಲ, ಒಬ್ಬನೇ.

ಕೇಳಿದ ತಕ್ಷಣ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಆದರೆ ಲೆಕ್ಕ ತಪ್ಪಬೇಕಾದರೆ ಒಂದೇ ವಸ್ತುವನ್ನು ಒಮ್ಮೆ ಒಂದು, ಒಮ್ಮೆ ಮೂರು ಎಂದು ಎಣಿಸಿರಬೇಕು. ಇಲ್ಲಿ ಎಣಿಕೆ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. 'ಏನು?' ಎಂದು ಕೇಳಿದರೆ ಉತ್ತರ ಒಂದು: ದೈವತ್ವ. 'ಯಾರು?' ಎಂದು ಕೇಳಿದರೆ ಉತ್ತರ ಮೂರು: ತಂದೆ, ಮಗ, ಪವಿತ್ರಾತ್ಮ.

ಇಂಗ್ಲಿಷಿನಲ್ಲಿ ಕಲ್ಲಿಗೂ ಮನುಷ್ಯರಿಗೂ 'ತ್ರೀ' ಒಂದೇ. ಕನ್ನಡದಲ್ಲಿ ಹಾಗಿಲ್ಲ. ಕಲ್ಲು ಮೂರು, ಜನ ಮೂವರು. ಹಣ್ಣು ಒಂದು, ಹುಡುಗ ಒಬ್ಬ. 'ಏನು' ಎಂಬುದರ ಎಣಿಕೆ ಬೇರೆ, 'ಯಾರು' ಎಂಬುದರ ಎಣಿಕೆ ಬೇರೆ ಎಂಬುದು ನಮ್ಮ ಸಂಖ್ಯಾವಾಚಕದಲ್ಲೇ ಇದೆ. ಆದ್ದರಿಂದ "ಮೂವರು" ಎಂದು ನಾನು ಹೇಳಿದ್ದು ಪೂರಾ ತಪ್ಪಲ್ಲ. "ಮೂವರು ದೇವರು" ಎಂದದ್ದು ತಪ್ಪು. ದೈವತ್ವವನ್ನೇ ಮೂರು ಮಾಡಿಬಿಟ್ಟಿದ್ದೆ.

ಗ್ರೀಕರು ಈ 'ಏನು'ವಿಗೆ 'ಊಸಿಯಾ' ಎಂದೂ 'ಯಾರು'ವಿಗೆ 'ಹಿಪೊಸ್ಟಾಸಿಸ್' ಎಂದೂ ಹೆಸರಿಟ್ಟರು. ನಾಲ್ಕನೇ ಶತಮಾನದಲ್ಲಿ ಈಗಿನ ತುರ್ಕಿಯ ಕಪ್ಪದೋಕ್ಯ ಸೀಮೆಯ ಬಾಸಿಲ್, ಅವನ ತಮ್ಮ ನಿಸ್ಸಾದ ಗ್ರೆಗರಿ, ಗೆಳೆಯ ನಜಿಯಾನ್ಸಸ್ಸಿನ ಗ್ರೆಗರಿ, ಈ ಮೂವರು ಆ ಎರಡು ಪದಗಳ ನಡುವಿನ ಗೆರೆಯನ್ನು ಖಚಿತ ಮಾಡಿದರು. ಲ್ಯಾಟಿನ್ನಿನವರು 'ಯಾರು'ವಿಗೆ 'ಪೆರ್ಸೋನಾ' ಎಂದರು. ಅದೇ ಇಂಗ್ಲಿಷಿನ 'ಪರ್ಸನ್', ಕನ್ನಡದ 'ವ್ಯಕ್ತಿ'. ಇಲ್ಲೊಂದು ತೊಡಕಿದೆ. ನಾವು 'ವ್ಯಕ್ತಿ' ಎಂದಾಗ ಮನಸ್ಸಿಗೆ ಬರುವುದು ಬೇರೆ ಬೇರೆ ಮೈ, ಬೇರೆ ಬೇರೆ ಮನಸ್ಸು, ಬೇರೆ ಬೇರೆ ವಿಳಾಸ ಇರುವ ಮನುಷ್ಯರು. ಆ ಹಳಬರ ಮನಸ್ಸಿನಲ್ಲಿ ಇದ್ದದ್ದು ಅದಲ್ಲ. ಮೂವರನ್ನು ಬೇರೆ ಮಾಡುವುದು ಸಂಬಂಧ ಒಂದೇ: ಒಬ್ಬನು ಯಾರಿಂದಲೂ ಬಾರದವನು, ಒಬ್ಬನು ಅವನಿಂದ ಜನಿಸಿದವನು, ಒಬ್ಬನು ಹೊರಡುವವನು. ಬಲ, ಜ್ಞಾನ, ಕಾಲ, ಮಹಿಮೆ ಯಾವುದರಲ್ಲೂ ಹೆಚ್ಚುಕಡಿಮೆ ಇಲ್ಲ. 'ಮಗ' ಎಂಬ ಪದ ಕೂಡ ಇಂಥ ದಿನ ಹುಟ್ಟಿದ ಎಂಬ ಅರ್ಥದ್ದಲ್ಲ, ಅದೊಂದು ಸಂಬಂಧದ ಹೆಸರು.

ಪದ ಸಾಲದು ಎಂಬುದು ಅವರಿಗೂ ಗೊತ್ತಿತ್ತು. ಐದನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ ತ್ರಿತ್ವದ ಮೇಲೆ ಹದಿನೈದು ಸಂಪುಟಗಳ ಗ್ರಂಥ ಬರೆದ. ಅದರಲ್ಲಿ ಅವನು ಒಪ್ಪಿಕೊಳ್ಳುವುದು ಏನೆಂದರೆ, 'ಮೂರು ಏನು?' ಎಂದು ಯಾರಾದರೂ ಕೇಳಿದರೆ ಮನುಷ್ಯ ಭಾಷೆ ಬಡವಾಗುತ್ತದೆ. 'ಮೂರು ವ್ಯಕ್ತಿಗಳು' ಎನ್ನುವುದು ವಿಷಯವನ್ನು ಪೂರಾ ಹೇಳಿದೆವೆಂದಲ್ಲ, ಬಾಯಿ ಮುಚ್ಚಿ ಕೂರಬಾರದಲ್ಲ ಎಂದು. ಅಷ್ಟು ದೊಡ್ಡ ಪಂಡಿತನ ಈ ವಿನಯ ನನಗೆ ಬಹಳ ಹಿಡಿಸಿತು.

ವ್ಯಾಕರಣ ಬಂದದ್ದಕ್ಕೆ ಇನ್ನೊಂದು ಮಾತು. ಹೀಬ್ರೂ ಬೈಬಲಿನ ಮೊದಲ ವಾಕ್ಯದಲ್ಲಿ ದೇವರಿಗೆ ಇರುವ 'ಎಲೋಹಿಂ' ಎಂಬ ಪದ ರೂಪದಲ್ಲಿ ಬಹುವಚನ, ಕ್ರಿಯಾಪದ ಮಾತ್ರ ಏಕವಚನ. ಪ್ರಾಟೆಸ್ಟಂಟರು ಬಹುಕಾಲದಿಂದ ಓದುತ್ತ ಬಂದ ಕನ್ನಡ ಬೈಬಲಿನಲ್ಲೂ ಅದೇ ವಿಚಿತ್ರ: 'ದೇವರು' ಎಂಬ ಬಹುವಚನ ರೂಪಕ್ಕೆ 'ನು' ಎಂದು ಮುಗಿಯುವ ಏಕವಚನದ ಕ್ರಿಯಾಪದ. ಇದು ತ್ರಿತ್ವಕ್ಕೆ ಸಾಕ್ಷಿ ಎಂದು ಕುಣಿಯಬೇಕಾಗಿಲ್ಲ. ಹೀಬ್ರೂವಿನಲ್ಲೂ ಕನ್ನಡದಲ್ಲೂ ಅದು ಗೌರವದ, ಘನತೆಯ ಬಹುವಚನ ಎಂದೇ ಸಾಮಾನ್ಯವಾಗಿ ತಿಳಿಯುತ್ತಾರೆ. ಆದರೂ ಒಂದು ಭಾಷೆ ಒಬ್ಬನನ್ನೇ ಕುರಿತು ಎರಡು ವಚನಗಳಲ್ಲಿ ಮಾತಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ.

೩. ಉಪಮೆಗಳು ಎಡವುವ ಜಾಗ

ನಾನು ಈ ವಿಷಯ ಓದುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಹಾಸ್ಟೆಲಿನಲ್ಲಿ ಎಲ್ಲರೂ ಉಪಮೆ ಕೊಡುವವರೇ. ಅವುಗಳಲ್ಲಿ ನಾಲ್ಕನ್ನು ತೂಗಿ ನೋಡೋಣ.

ಮೊದಲನೆಯದು ನೀರು. ಮಂಜುಗಡ್ಡೆ, ನೀರು, ಆವಿ; ವಸ್ತು ಒಂದೇ, ರೂಪ ಮೂರು. ಚೆನ್ನಾಗಿ ಕೇಳಿಸುತ್ತದೆ. ಆದರೆ ಗಡ್ಡೆ ಕರಗಿದರೆ ತಾನೇ ನೀರು? ಒಂದು ಹೋಗಿ ಇನ್ನೊಂದು ಬರುತ್ತದೆ. ತ್ರಿತ್ವದಲ್ಲಿ ಮೂವರೂ ಯಾವಾಗಲೂ ಇರುತ್ತಾರೆ. ಆಗ ಮೆಕ್ಯಾನಿಕಲ್ ಮಿತ್ರನೊಬ್ಬ "ಟ್ರಿಪಲ್ ಪಾಯಿಂಟ್ ಮರೆತೆಯೇನೋ?" ಎಂದ. ನಿಜ, ೦.೦೧ ಡಿಗ್ರಿ ಸೆಲ್ಸಿಯಸ್, ಸುಮಾರು ೬೧೧ ಪಾಸ್ಕಲ್ ಒತ್ತಡದಲ್ಲಿ ಮೂರೂ ಒಟ್ಟಿಗೇ ಇರುತ್ತವೆ. ಆದರೆ ಅಲ್ಲೂ ಪಾತ್ರೆಯ ಒಂದು ಪಾಲು ಗಡ್ಡೆ, ಒಂದು ಪಾಲು ನೀರು, ಒಂದು ಪಾಲು ಆವಿ. ಮೂರು ಪಾಲಾದ ದೇವರನ್ನು ಕ್ರೈಸ್ತರು ಒಪ್ಪುವುದಿಲ್ಲ.

ಎರಡನೆಯದು ಬಿಲ್ವಪತ್ರೆ. ಎಲೆ ಒಂದು, ದಳ ಮೂರು. ಐರ್ಲೆಂಡಿನವರು ಸಂತ ಪ್ಯಾಟ್ರಿಕ್ಕನ ಹೆಸರಲ್ಲಿ ಇದೇ ಉಪಮೆಯನ್ನು ಮೂರೆಲೆಯ ಶ್ಯಾಮ್‌ರಾಕ್ ಸಸಿಗೆ ಹೇಳುತ್ತಾರೆ. ಇಲ್ಲೂ ಅದೇ ತೊಂದರೆ. ಒಂದು ದಳ ಎಂದರೆ ಎಲೆಯ ಮೂರನೇ ಒಂದು ಅಂಶ. ತಂದೆ ಎಂದರೆ ದೇವರ ಮೂರನೇ ಒಂದು ಅಂಶ ಅಲ್ಲ, ಪೂರ್ಣ ದೇವರು. ಮಗನೂ ಪೂರ್ಣ, ಆತ್ಮನೂ ಪೂರ್ಣ.

ಮೂರನೆಯದು ನಮ್ಮ ಊರಿನದು, ಯಕ್ಷಗಾನ. ಪಾರ್ತಿಸುಬ್ಬನ ಕುಂಬಳೆಯವನಾದ ನನಗೆ ಇದೇ ಮೊದಲು ಹೊಳೆದದ್ದು. ಒಬ್ಬನೇ ಕಲಾವಿದ ಒಂದೇ ರಾತ್ರಿ ಸಂಜೆಗೊಂದು, ನಡುರಾತ್ರಿಗೊಂದು, ಬೆಳಗಿನ ಜಾವಕ್ಕೊಂದು ವೇಷ ಕಟ್ಟುತ್ತಾನೆ. ಲ್ಯಾಟಿನ್ನಿನ 'ಪೆರ್ಸೋನಾ' ಎಂಬ ಪದಕ್ಕೆ ನಾಟಕದ ಮುಖವಾಡ ಎಂಬ ಅರ್ಥವೂ ಇತ್ತು ಎಂದು ಓದಿದಾಗ ಗೆದ್ದೆ ಅಂದುಕೊಂಡೆ. ಗೆಲ್ಲಲಿಲ್ಲ. ಮೂರನೇ ಶತಮಾನದಲ್ಲಿ ಸಬೆಲ್ಲಿಯಸ್ ಎಂಬವನ ಹೆಸರಿನಲ್ಲಿ ಪ್ರಚಾರವಾದ ಮತವೇ ಇದು, ಸಭೆ ಇದನ್ನು ಕಡಾಖಂಡಿತ ತಳ್ಳಿಹಾಕಿತು. ಕಾರಣ ಸರಳ. ಒಬ್ಬನೇ ಕಟ್ಟುವ ಮೂರು ವೇಷಗಳು ಒಟ್ಟಿಗೆ ರಂಗಸ್ಥಳಕ್ಕೆ ಬಂದು ಪರಸ್ಪರ ಅರ್ಥ ಹೇಳಲಾರವು. ಸುವಾರ್ತೆಗಳಲ್ಲಿ ಯೇಸುವಿನ ದೀಕ್ಷಾಸ್ನಾನದ ಪ್ರಸಂಗ ಇದೆ: ಮಗ ಯೊರ್ದಾನ್ ನದಿಯಲ್ಲಿ, ಆತ್ಮ ಪಾರಿವಾಳದಂತೆ ಮೇಲಿಂದ ಇಳಿಯುತ್ತ, ತಂದೆಯ ದನಿ ಆಕಾಶದಿಂದ. ಮೂವರೂ ಏಕಕಾಲಕ್ಕೆ. ಯೇಸು ತಂದೆಗೆ ಪ್ರಾರ್ಥನೆ ಮಾಡುತ್ತಾನೆ ಕೂಡ. ವೇಷ ಬದಲಾವಣೆ ಎಂದರೆ ಆ ಪ್ರಾರ್ಥನೆ ಬರೀ ಸ್ವಗತ ಆಗಿಬಿಡುತ್ತದೆ.

ನಾಲ್ಕನೆಯದು ಸೂರ್ಯ, ಬೆಳಕು, ಬಿಸಿ. ಕೇರಳದ ಸುರಿಯಾನಿ ಕ್ರೈಸ್ತರು ಮಾರ್ ಅಪ್ರೇಂ ಎಂದು ಗೌರವಿಸುವ, ೩೭೩ರಲ್ಲಿ ತೀರಿಕೊಂಡ ಸಿರಿಯಾಕ್ ಕವಿ ಎಫ್ರೇಮ್ ಇದನ್ನು ಬಳಸಿದ್ದಾನೆ. ಸೂರ್ಯನಿಲ್ಲದ ಬೆಳಕಿಲ್ಲ, ಬೆಳಕಿಲ್ಲದ ಸೂರ್ಯನೂ ಇಲ್ಲ. ಒಂದು ಮೊದಲು ಒಂದು ಆಮೇಲೆ ಎಂದಿಲ್ಲ. ಇದು ಉಳಿದವಕ್ಕಿಂತ ಮೇಲು. ಆದರೆ ಬಿಸಿಯನ್ನು ಯಾರೂ 'ನೀನು' ಎಂದು ಕರೆಯುವುದಿಲ್ಲ. 'ಯಾರು' ಎಂಬುದು ಇಲ್ಲಿ ಜಾರಿಹೋಗುತ್ತದೆ.

ಹೀಗೆ ಯಾವ ಉಪಮೆಯೂ ಪೂರ್ತಿ ಗೆಲ್ಲದು. ಹಾಗಂತ ಉಪಮೆ ವ್ಯರ್ಥವಲ್ಲ. ಪ್ರತಿಯೊಂದು ಎಲ್ಲಿ ಎಡವಿತು ಎಂದು ಗುರುತು ಹಾಕಿಕೊಂಡರೆ ತತ್ತ್ವದ ಎಲ್ಲೆಗಳು ಕಾಣುತ್ತವೆ: ಕಲಸಬೇಡ, ಸೀಳಬೇಡ, ಮೇಲುಕೀಳು ಮಾಡಬೇಡ.

೪. ಒಂದು ಅಕ್ಷರಕ್ಕಾಗಿ

ಆ ಮೂರನೇ ಎಲ್ಲೆ, ಮೇಲುಕೀಳು, ಅತಿ ದೊಡ್ಡ ಜಗಳಕ್ಕೆ ಕಾರಣವಾಯಿತು. ನಾಲ್ಕನೇ ಶತಮಾನದ ಆರಂಭದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್, ಮಗನು ಎಷ್ಟೇ ದೊಡ್ಡವನಾದರೂ ಸೃಷ್ಟಿಸಲ್ಪಟ್ಟವನು, ಅವನಿಲ್ಲದ ಒಂದು ಸ್ಥಿತಿ ಇತ್ತು ಎಂದು ಬೋಧಿಸಿದ. ಚಕ್ರವರ್ತಿ ಕಾನ್‌ಸ್ಟಂಟೈನ್ ೩೨೫ರಲ್ಲಿ ನೈಸೀಯ ಎಂಬಲ್ಲಿ ಬಿಷಪರ ಮಹಾಸಭೆ ಕರೆದ. ೨೦೨೫ಕ್ಕೆ ಅದಕ್ಕೆ ೧೭೦೦ ವರ್ಷ ತುಂಬಿತು. ಸಭೆ ಆರಿಯಸ್ಸನನ್ನು ನಿರಾಕರಿಸಿ, ಮಗನು ತಂದೆಯೊಡನೆ 'ಹೊಮೊಊಸಿಯೋಸ್' ಎಂದಿತು, ಅಂದರೆ ಅದೇ ಸತ್ತ್ವದವನು. ಆಮೇಲೆ ಕೆಲವರು ರಾಜಿಗಾಗಿ 'ಹೊಮೊಯಿಊಸಿಯೋಸ್' ಎಂದರಾಗದೇ ಎಂದರು, ಅಂದರೆ ಅಂಥದೇ ಸತ್ತ್ವದವನು. ಗ್ರೀಕಿನಲ್ಲಿ ವ್ಯತ್ಯಾಸ ಒಂದೇ ಒಂದು ಅಕ್ಷರ, ಅಯೋಟ. ಕನ್ನಡದಲ್ಲಿ 'ಅದೇ' ಮತ್ತು 'ಅಂಥದೇ'. ಊಟದ ಮೇಜಿನಲ್ಲಿ ಈ ಎರಡರ ನಡುವೆ ಏನೂ ಇಲ್ಲ. "ಇದು ನಮ್ಮಪ್ಪನದೇ ಸಹಿ" ಎನ್ನುವುದಕ್ಕೂ "ನಮ್ಮಪ್ಪನ ಸಹಿಯಂಥದೇ" ಎನ್ನುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಬ್ಯಾಂಕಿನವರನ್ನು ಕೇಳಿ!

ಈ 'ಅದೇ'ಗಾಗಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಐದು ಸಲ ಗಡೀಪಾರಾದ, ಒಟ್ಟು ಸುಮಾರು ಹದಿನೇಳು ವರ್ಷ. ೩೮೧ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಪವಿತ್ರಾತ್ಮನ ಬಗೆಗಿನ ಮಾತು ಸೇರಿ ವಿಶ್ವಾಸ ಪ್ರಮಾಣ ಒಂದು ರೂಪಕ್ಕೆ ಬಂತು.

ಒಪ್ಪದವರೂ ಎಲ್ಲ ಕಾಲಕ್ಕೂ ಇದ್ದರು, ಅವರಿಗೆ ಆದದ್ದನ್ನು ಮುಚ್ಚಿಡಬಾರದು. ತ್ರಿತ್ವವನ್ನು ವಿರೋಧಿಸಿ ಬರೆದ ಸ್ಪೇನಿನ ವೈದ್ಯ ಮೈಕೆಲ್ ಸೆರ್ವೆಟಸ್‌ನನ್ನು ೧೫೫೩ರಲ್ಲಿ ಜಿನೀವಾದಲ್ಲಿ ಸುಟ್ಟರು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲೇ ಕೂತಿದ್ದ ಐಸಾಕ್ ನ್ಯೂಟನ್ ಮನಸ್ಸಿನಲ್ಲಿ ತ್ರಿತ್ವವನ್ನು ಒಪ್ಪಿರಲಿಲ್ಲ, ಹಾಗಂತ ಬರೆದದ್ದನ್ನು ಪ್ರಕಟಿಸದೆ ಗುಟ್ಟಾಗಿಟ್ಟ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ೧೮೨೦ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಆರಿಸಿ ಪುಸ್ತಕ ಮಾಡಿದರು. ಶ್ರೀರಾಮಪುರದ ಜೋಶುವಾ ಮಾರ್ಷ್‌ಮನ್ ಅದಕ್ಕೆ ಉತ್ತರಿಸಿ, ರಾಯ್ ಪ್ರತ್ಯುತ್ತರಿಸಿ, ವಾದ ವರ್ಷಗಟ್ಟಲೆ ನಡೆಯಿತು. ಆ ನಡುವೆ ರಾಯರೊಡನೆ ಕೂತು ಬೈಬಲ್ ಅನುವಾದ ಮಾಡುತ್ತಿದ್ದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಆಡಮ್ ತಾನೇ ತ್ರಿತ್ವವನ್ನು ಬಿಟ್ಟು ಏಕದೇವವಾದಿಯಾದ. ಜನ ಅವನನ್ನು 'ಎರಡನೇ ಸಲ ಬಿದ್ದ ಆದಾಮ' ಎಂದು ಹಾಸ್ಯ ಮಾಡಿದರಂತೆ. ನಮ್ಮ ಸಭೆಯ ನಗು ನನಗೆ ಇಲ್ಲಿ ನೆನಪಾಯಿತು.

೫. ನಮ್ಮ ಮೂರುಗಳು

ಇನ್ನು ನಾನು ಮಾಡಿದ ಹೋಲಿಕೆಗೆ ಬರೋಣ. ಇಲ್ಲಿಂದ ಕನ್ಯಾಕುಮಾರಿಗೆ ಹೋಗುವ ದಾರಿಯಲ್ಲಿ ಶುಚೀಂದ್ರದ ಸ್ಥಾಣುಮಾಲಯನ್ ದೇವಾಲಯವಿದೆ. ಸ್ಥಾಣು ಎಂದರೆ ಶಿವ, ಮಾಲ್ ಎಂದರೆ ವಿಷ್ಣು, ಅಯನ್ ಎಂದರೆ ಬ್ರಹ್ಮ. ಮೂವರಿಗೂ ಸೇರಿ ಒಂದೇ ಲಿಂಗ. ತಿರುವಾಂಕೂರಿಗೆ ಸೇರಿದ್ದ ಆ ಸೀಮೆ ೧೯೫೬ರ ನವೆಂಬರ್ ೧ರಂದು, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ಆ ಕಡೆಯ ರಾಜ್ಯಕ್ಕೆ ಹೋಯಿತು. ನಮ್ಮಲ್ಲೂ ಗಾಣಗಾಪುರದ ದತ್ತಾತ್ರೇಯನಲ್ಲಿ ತ್ರಿಮೂರ್ತಿಗಳ ಐಕ್ಯವನ್ನು ಕಾಣುವವರು ಲಕ್ಷಾಂತರ.

ಮೇಲ್ನೋಟಕ್ಕೆ ಇದೇ ಅದು. ಆದರೆ ತ್ರಿಮೂರ್ತಿ ಕಲ್ಪನೆಯಲ್ಲಿ ಕೆಲಸದ ಹಂಚಿಕೆ ಇದೆ: ಸೃಷ್ಟಿ ಒಬ್ಬನಿಗೆ, ಸ್ಥಿತಿ ಒಬ್ಬನಿಗೆ, ಲಯ ಒಬ್ಬನಿಗೆ. ಒಬ್ಬೊಬ್ಬರಿಗೂ ಬೇರೆ ಲೋಕ, ಬೇರೆ ಪತ್ನಿ, ಬೇರೆ ಪುರಾಣ. ಯಾರು ಹೆಚ್ಚು ಎಂಬ ಕಥೆಗಳೂ ಉಂಟು. ತ್ರಿತ್ವ ತತ್ತ್ವದಲ್ಲಿ ಕೆಲಸವನ್ನು ಹಾಗೆ ಪಾಲು ಮಾಡುವಂತಿಲ್ಲ. ಸೃಷ್ಟಿಯಲ್ಲೂ ರಕ್ಷಣೆಯಲ್ಲೂ ಮೂವರದೂ ಒಂದೇ ಕ್ರಿಯೆ. ಮೂವರನ್ನು ಬೇರ್ಪಡಿಸುವುದು ಸಂಬಂಧ ಮಾತ್ರ ಎಂದು ಮೇಲೆ ಹೇಳಿದೆನಲ್ಲ, ಅದನ್ನು ನೆನೆಯಿರಿ.

ಇನ್ನೂ ಹತ್ತಿರದ ಹೋಲಿಕೆ ನಮ್ಮ ವೀರಶೈವರ ಗುರು-ಲಿಂಗ-ಜಂಗಮ ಎಂದು ನನಗೆ ಕಾಣುತ್ತದೆ. ಇವು ಅಷ್ಟಾವರಣಗಳಲ್ಲಿ ಮೊದಲ ಮೂರು. ಬೋಧಿಸುವವನಾಗಿ, ಅಂಗೈಯಲ್ಲಿ ಹಿಡಿದ ಇಷ್ಟಲಿಂಗವಾಗಿ, ಮನೆ ಬಾಗಿಲಿಗೆ ನಡೆದುಬರುವವನಾಗಿ, ಮೂರು ಬಗೆಯಲ್ಲಿ ಶಿವನೊಬ್ಬನೇ. ಇಲ್ಲಿ ಯಾರೂ ಮೂರು ಶಿವಗಳನ್ನು ಎಣಿಸುವುದಿಲ್ಲ. ಆದರೂ ಇದು ದೇವರು ಭಕ್ತನಿಗೆ ಒದಗುವ ಬಗೆ. ಕ್ರೈಸ್ತರ ಮಾತು ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ: ಭಕ್ತನೇ ಇಲ್ಲದಿದ್ದರೂ, ಜಗತ್ತೇ ಹುಟ್ಟದಿದ್ದರೂ, ದೇವರು ತನ್ನೊಳಗೇ ತಂದೆ, ಮಗ, ಆತ್ಮ ಎಂಬುದು.

ಬಂಗಾಳದಲ್ಲಿ ಕೇಶವಚಂದ್ರ ಸೇನ್ ೧೮೮೨ರ ಉಪನ್ಯಾಸದಲ್ಲಿ ತ್ರಿತ್ವವನ್ನು ಸತ್-ಚಿತ್-ಆನಂದಗಳ ಮೂಲಕ ವಿವರಿಸಿದರು. ಬ್ರಹ್ಮಬಾಂಧವ ಉಪಾಧ್ಯಾಯರು ಕ್ಯಾಥೊಲಿಕ್ ಆದಮೇಲೆ ೧೮೯೮ರಲ್ಲಿ ಸಚ್ಚಿದಾನಂದನನ್ನು ವಂದಿಸುವ ಸಂಸ್ಕೃತ ಸ್ತೋತ್ರವನ್ನೇ ರಚಿಸಿದರು: ಸತ್ ತಂದೆ, ಚಿತ್ ಮಗ, ಆನಂದ ಆತ್ಮ. ಅದು ಇಂದಿಗೂ ಕೆಲವು ಕ್ರೈಸ್ತ ಆಶ್ರಮಗಳಲ್ಲಿ ಹಾಡಿನಲ್ಲಿದೆ. ಇದರಲ್ಲಿ ಸೊಗಸಿದೆ, ಆದರೆ ವೇದಾಂತಿಗೆ ಸತ್ತು, ಚಿತ್ತು, ಆನಂದ ಮೂರೂ ಒಂದೇ ಬ್ರಹ್ಮದ ಸ್ವರೂಪ. ಅವು ಪರಸ್ಪರ ಪ್ರೀತಿಸುವುದಿಲ್ಲ. ಬಿಸಿಲಿನ ಉಪಮೆ ಎಡವಿದಲ್ಲೇ ಇದೂ ಸ್ವಲ್ಪ ಎಡವುತ್ತದೆ.

೬. ಶ್ರೀಕಾರ್ಯದಿಂದ ಪಾಳಯಕ್ಕೆ

ಇಷ್ಟೆಲ್ಲ ಓದಿದ ಮೇಲೆ ದಿನವೂ ಹೋಗುವ ಬಸ್ಸಿನ ದಾರಿಯೇ ಬೇರೆಯಾಗಿ ಕಂಡಿತು. ಶ್ರೀಕಾರ್ಯದಲ್ಲೇ ಜೆಸ್ವಿಟರ ಲೊಯೋಲಾ ಕಾಲೇಜಿದೆ. ಆ ಹೆಸರಿನ ಮೂಲಪುರುಷ ಲೊಯೋಲಾದ ಇಗ್ನೇಷಿಯಸ್. ಅವನು ೧೫೨೨-೨೩ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದ್ದಾಗ, ಒಂದು ಮಠದ ಮೆಟ್ಟಿಲ ಮೇಲೆ ಪ್ರಾರ್ಥನೆ ಹೇಳುತ್ತ ತ್ರಿತ್ವವನ್ನು ವಾದ್ಯದ ಮೂರು ಮನೆಗಳ ರೂಪದಲ್ಲಿ ಕಂಡನಂತೆ, ಅಳು ತಡೆಯಲಾಗಲಿಲ್ಲವಂತೆ. ಇದನ್ನು ಅವನೇ ತನ್ನ ಜೀವನವೃತ್ತಾಂತದಲ್ಲಿ ಹೇಳಿಸಿ ಬರೆಸಿದ್ದಾನೆ. ಹಾರ್ಮೋನಿಯಂ ಮೇಲೆ ಸ, ಗ, ಪ ಮೂರು ಮನೆಗಳನ್ನು ಒಟ್ಟಿಗೆ ಒತ್ತಿ ನೋಡಿ. ಸ್ವರ ಮೂರೂ ಬೇರೆ ಬೇರೆ ಕೇಳುತ್ತವೆ, ಒಂದು ಇನ್ನೊಂದನ್ನು ನೂಕುವುದಿಲ್ಲ, ಕೋಣೆಯ ಮೂರು ಮೂಲೆ ಹಂಚಿಕೊಳ್ಳುವುದೂ ಇಲ್ಲ, ಒಂದೊಂದೂ ಕೋಣೆ ತುಂಬ ಇರುತ್ತದೆ. ಉಪಮೆಗಳಲ್ಲಿ ನನಗೆ ಒಗ್ಗಿದ್ದು ಇದೇ.

ಉಳ್ಳೂರು, ಕೇಶವದಾಸಪುರಂ ದಾಟಿದರೆ ಪಟ್ಟಂ. ಅಲ್ಲಿ ೧೯೩೦ರಲ್ಲಿ ಮಾರ್ ಇವಾನಿಯೋಸರ ಮುಂದಾಳತ್ವದಲ್ಲಿ ರೋಮಿನೊಡನೆ ಒಂದಾದ ಸೀರೋ-ಮಲಂಕರ ಕ್ಯಾಥೊಲಿಕರ ಕೇಂದ್ರವಿದೆ. ಅವರ ಪ್ರಾರ್ಥನೆಯಲ್ಲಿ ಪವಿತ್ರಾತ್ಮನಿಗೆ 'ಪರಿಶುದ್ಧ ರೂಹಾ' ಎಂಬ ಹೆಸರು. ನಮ್ಮ ಕಡೆ ಮುಸಲ್ಮಾನರು ಹೇಳುವ 'ರೂಹ್' ಇದೇ ಮೂಲದ್ದು. ಉಸಿರು, ಗಾಳಿ ಎಂಬುದು ಮೊದಲ ಅರ್ಥ. ಸಿರಿಯಾಕ್ ಭಾಷೆಯಲ್ಲಿ ರೂಹಾ ಸ್ತ್ರೀಲಿಂಗ, ಆದ್ದರಿಂದ ಆರಂಭ ಕಾಲದ ಸಿರಿಯಾಕ್ ಬರಹಗಳಲ್ಲಿ ಪವಿತ್ರಾತ್ಮನಿಗೆ ತಾಯಿಯ ಹೋಲಿಕೆಗಳು ಬರುತ್ತವೆ. ಗ್ರೀಕಿನ 'ನ್ಯೂಮಾ' ನಪುಂಸಕ. ಕನ್ನಡಕ್ಕೆ ಬರುವಾಗ 'ಪವಿತ್ರಾತ್ಮನು' ಎಂದು ಪುಲ್ಲಿಂಗ. ದೇವರಿಗೆ ಲಿಂಗವಿಲ್ಲ ಎಂದು ಮೂರು ಕಡೆಯವರೂ ಹೇಳುತ್ತಾರೆ, ಭಾಷೆ ಮಾತ್ರ ತನ್ನ ಹಟ ಬಿಡದು.

ಮುಂದೆ ಎಲ್.ಎಂ.ಎಸ್. ನಿಲ್ದಾಣ. ಲಂಡನ್ ಮಿಷನರಿ ಸೊಸೈಟಿಯ ಹೆಸರು ಅದು, ಚರ್ಚು ಈಗ ೧೯೪೭ರಲ್ಲಿ ರೂಪುಗೊಂಡ ದಕ್ಷಿಣ ಇಂಡಿಯಾ ಸಭೆಯದು. ಇದೇ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಕನ್ನಡ ಬೈಬಲನ್ನು ಸಿದ್ಧಪಡಿಸಿದ, ೧೮೩೧ರ ಹೊತ್ತಿಗೆ ಅದು ಪೂರ್ಣವಾಯಿತು. ಬಳ್ಳಾರಿಗೂ ತಿರುವನಂತಪುರಕ್ಕೂ ಇಂಥ ನಂಟು ಉಂಟೆಂದು ನನಗೆ ತಿಳಿದಿರಲಿಲ್ಲ.

ಕೊನೆಗೆ ಪಾಳಯ. ಲ್ಯಾಟಿನ್ ಕ್ಯಾಥೊಲಿಕರ ಸಂತ ಜೋಸೆಫರ ಕೆಥೆಡ್ರಲ್, ಎದುರುಬದುರಿಗೆ ಜುಮಾ ಮಸೀದಿ, ಪಕ್ಕದಲ್ಲೇ ಗಣಪತಿ ದೇವಸ್ಥಾನ. ಮಸೀದಿಯವರು ದೇವರ ಏಕತ್ವದಲ್ಲಿ ಯಾವ ಎಣಿಕೆಯನ್ನೂ ಒಪ್ಪುವುದಿಲ್ಲ, 'ಮೂರು' ಎನ್ನಬೇಡಿ ಎಂದು ಕುರಾನೇ ಹೇಳುತ್ತದೆ. ಕ್ರೈಸ್ತರೊಳಗೂ ಒಮ್ಮತವಿಲ್ಲ. ಆತ್ಮನು ತಂದೆಯಿಂದ ಹೊರಡುತ್ತಾನೆ ಎಂದು ಪೂರ್ವದ ಸಭೆಗಳು, ತಂದೆಯಿಂದಲೂ ಮಗನಿಂದಲೂ ಎಂದು ರೋಮಿನವರು. ಆ ಒಂದು ಪದ ೧೦೫೪ರಲ್ಲಿ ಪೂರ್ವ-ಪಶ್ಚಿಮಗಳು ಒಡೆದುದಕ್ಕೆ ಒಂದು ಕಾರಣ. ಆದರೂ ಒಂದೇ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಎಲ್ಲರೂ ಒಂದೇ ಚಹಾ ಅಂಗಡಿಗೆ ಹೋಗುತ್ತಾರೆ.

೭. ಇದು ಅವರಿಗೆ ಯಾಕೆ ಬೇಕು?

ಇಷ್ಟು ಕಷ್ಟದ ತತ್ತ್ವವನ್ನು ಬಿಟ್ಟು ಸರಳವಾಗಿ 'ದೇವರೊಬ್ಬ' ಎಂದು ಇದ್ದುಬಿಡಬಾರದೇ? ಅವರ ಉತ್ತರ ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ. ದೇವರು ಪ್ರೀತಿಯೇ ಆಗಿದ್ದಾನೆ ಎಂಬುದು ಅವರ ಮೂಲ ನಂಬಿಕೆ. ಪ್ರೀತಿಗೆ ಇನ್ನೊಬ್ಬರು ಬೇಕು. ಜಗತ್ತು ಹುಟ್ಟುವ ಮುಂಚೆ ದೇವರು ಒಂಟಿಯಾಗಿದ್ದರೆ ಆಗ ಯಾರನ್ನು ಪ್ರೀತಿಸುತ್ತಿದ್ದ? ಜಗತ್ತು ಬಂದ ಮೇಲೆ ಪ್ರೀತಿ ಕಲಿತನೇ? ಹಾಗಾದರೆ ಪ್ರೀತಿ ಅವನ ಸ್ವಭಾವವಲ್ಲ, ಅಭ್ಯಾಸ. ಹನ್ನೆರಡನೇ ಶತಮಾನದ ಸೇಂಟ್ ವಿಕ್ಟರ್ ಮಠದ ರಿಚರ್ಡ್ ಈ ವಾದವನ್ನು ಇನ್ನೂ ಬೆಳೆಸಿ, ಇಬ್ಬರ ಪ್ರೀತಿ ಪೂರ್ಣವಾಗಬೇಕಾದರೆ ಆ ಪ್ರೀತಿಯನ್ನು ಹಂಚಿಕೊಳ್ಳುವ ಮೂರನೆಯವರೂ ಬೇಕು ಎಂದ. ಗಂಡಹೆಂಡಿರ ನಡುವೆ ಮಗು ಬಂದಾಗ ಮನೆಯಲ್ಲಿ ಏನಾಗುತ್ತದೆ ಎಂದು ಕಂಡವರಿಗೆ ಇದು ತೀರ ಪರಕೀಯವಾಗಿ ಕೇಳದು.

ವಾದ ಒಪ್ಪುವುದು ಬಿಡುವುದು ನಿಮ್ಮ ಇಷ್ಟ. ನನಗೆ ತಿಳಿದದ್ದು ಇಷ್ಟು. ಇದು ಅಂಕಗಣಿತದ ಒಗಟು ಅಲ್ಲ. ಒಂದು ಭಾಷೆಯ ವ್ಯಾಕರಣದ ಹಾಗೆ, ಆ ಮತದವರು ತಮ್ಮ ದೇವರ ಬಗ್ಗೆ ಮಾತಾಡುವಾಗ ತಪ್ಪದಂತೆ ಇಟ್ಟುಕೊಂಡ ನಿಯಮ. ನಾನು ಮಾಡಿದ್ದು ಅವರ ವಾಕ್ಯವನ್ನು ನನ್ನ ನಿಘಂಟಿನಿಂದ ಓದಿದ್ದು. ಮಲಯಾಳಿ ಮಿತ್ರರು "ಕನ್ನಡ ಅಂದ್ರೆ ತಮಿಳಿನ ಹಾಗೇ ಅಲ್ಲವಾ?" ಎಂದಾಗ ನಮಗೆಷ್ಟು ಸಿಟ್ಟು ಬರುತ್ತದೆ! ಅದೇ ತಪ್ಪು.

ಕರಡನ್ನು ಅಚ್ಚಿಗೆ ಕೊಡುವ ಮೊದಲು ಆ ಹುಡುಗಿಗೆ ತೋರಿಸಿದೆ. ಬಾಸೆಲ್ ಮಿಷನ್ ಪರಂಪರೆಯ ಮನೆ ಅವಳದು. ೧೮೩೪ರಲ್ಲಿ ಮಂಗಳೂರಿಗೆ ಬಂದು ನಮಗೆ ಕಿಟ್ಟೆಲರ ನಿಘಂಟನ್ನು ಕೊಟ್ಟ ಮಿಷನ್ ಅದು. ಕ್ಯಾಂಟೀನಿನಲ್ಲಿ ಕೂತು ಪೂರ್ತಿ ಓದಿದಳು. ಒಂದು ಕಡೆ ನಾನು ಮರೆತು 'ದೇವರ ಮೂರು ಭಾಗಗಳು' ಎಂದು ಬರೆದಿದ್ದೆ, ಪೆನ್ಸಿಲಿನಲ್ಲಿ ಅದನ್ನು ಹೊಡೆದು ಹಾಕಿದಳು. ಆಮೇಲೆ ಹೇಳಿದಳು: "ಅಣ್ಣಾ, ನಮ್ಮ ಅಜ್ಜಿಗೆ ನೈಸೀಯ ಗಿಯ್ಸೀಯ ಒಂದೂ ಗೊತ್ತಿಲ್ಲ. ರಾತ್ರಿ ದೀಪ ಆರಿಸೋ ಮುಂಚೆ ಮೂರು ಹೆಸರು ಹೇಳ್ತಾರೆ, ಆಮೆನ್ ಮಾತ್ರ ಒಂದೇ ಸಲ."

ನನ್ನ ಏಳು ಭಾಗಗಳ ಲೇಖನಕ್ಕಿಂತ ಅಜ್ಜಿಯ ಪಾಠ ಚೊಕ್ಕ ಎಂದು ಒಪ್ಪಿಕೊಳ್ಳುತ್ತೇನೆ.

ಚರ್ಚೆಗೆ ಕೆಲವು ಪ್ರಶ್ನೆಗಳು

೧. 'ತ್ರಿತ್ವ', 'ತ್ರಯೈಕ್ಯ', 'ತ್ರಿಯೇಕ': ಈ ಮೂರರಲ್ಲಿ ಯಾವ ಪದ ತತ್ತ್ವಕ್ಕೆ ಹೆಚ್ಚು ಹತ್ತಿರ? ಯಾಕೆ?

೨. 'ವ್ಯಕ್ತಿ' ಎಂಬ ಪದಕ್ಕೆ ಬದಲಾಗಿ ಕನ್ನಡದಲ್ಲಿ ಇನ್ನೊಂದು ಒಳ್ಳೆಯ ಪದ ಸಿಕ್ಕೀತೇ?

೩. ಗುರು-ಲಿಂಗ-ಜಂಗಮ ಮತ್ತು ತ್ರಿತ್ವ: ಸಾಮ್ಯ ಎಲ್ಲಿಯವರೆಗೆ, ವ್ಯತ್ಯಾಸ ಎಲ್ಲಿಂದ?

೪. ನಮ್ಮದಲ್ಲದ ನಂಬಿಕೆಯನ್ನು ವಿವರಿಸುವವನ ಹೊಣೆ ಏನು?

ಮುಂದಿನ ಶನಿವಾರದ ಸಭೆಯಲ್ಲಿ ಇವುಗಳ ಮೇಲೆ ಮಾತು. ಆರಂಭ ಅವಳದು, ಒಪ್ಪಿಕೊಂಡಿದ್ದಾಳೆ. ಎಲ್ಲರೂ ಬನ್ನಿ. ನಾನು ಈ ಸಲ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.